ಹಳೆ ಟೇಬಲಿನ ಅರವತ್ತಮೂರು ಹೆಂಗಸರು

ನವೆಂಬರ್ 10, ಸೋಮವಾರ
ಮತ್ತೆ ನಿವೇಶನದ ಅರ್ಜಿಗಳ ಟೈಪಿಂಗ್. ಪುತ್ತೂರಿನ ನಮ್ಮ ಬೀಡಿ ಕಾರ್ಮಿಕರ ಸಂಘಕ್ಕೆ ಇರುವುದು ಒಂದೇ ಕಂಪ್ಯೂಟರ್. ಮುಂದಿನ ಸೋಮವಾರ ಕಡಬ ತಾಲೂಕು ಕಚೇರಿಗೆ ಪಟ್ಟಿ ಕೊಡಬೇಕು. ಹೆಸರು ಬಿಟ್ಟುಹೋದವಳಿಗೆ ಮೂರು ಸೆಂಟ್ಸ್ ಜಾಗವೂ ಇಲ್ಲ.

ಕಾರ್ಯದರ್ಶಿ ವಿಷ್ಣುಪ್ರಸಾದ್ ಬಂದರು. ಸದಸ್ಯೆಯರ ಹೆಸರೆಲ್ಲ ಇರುವ ಆ್ಯಕ್ಸೆಸ್ ಫೈಲಿನ ‘ಪುತ್ತೂರು_ಹಳೆ’ ಟೇಬಲ್, ಅಂದರೆ ಹಳೆ ಹೆಸರುಗಳ ಕೋಷ್ಟಕ, ಅಳಿಸಬೇಕಂತೆ. ಕಡಬ ಬೇರೆ ತಾಲೂಕಾಗಿ ಎಷ್ಟು ಕಾಲವಾಯಿತು, ಹೆಸರೆಲ್ಲ ಹೊಸ ಟೇಬಲಿಗೆ ಬಂದಿದೆ ಎಂಬ ವಾದ. ಯಾರು ತಂದದ್ದು? ನೋಡದೆ ಅಳಿಸುವುದಿಲ್ಲ ಎಂದೆ.

ನವೆಂಬರ್ 12, ಮಧ್ಯಾಹ್ನ
ಟೇಬಲಿನಿಂದ ಹೆಸರು ಹೆಕ್ಕಿ ಪಟ್ಟಿ ಮಾಡುವುದು ಕ್ವೆರಿ. ಯಾವ ಕ್ವೆರಿಗೆ ಈ ಟೇಬಲ್ ಬೇಕು ಎಂದು ಆ್ಯಕ್ಸೆಸ್ ತಾನೇ ತೋರಿಸುತ್ತದೆ. ಒತ್ತಿದೆ. ಖಾಲಿ. ಒಂದೂ ಇಲ್ಲವಂತೆ. ಕಾರ್ಯದರ್ಶಿಗೆ ಗೆದ್ದ ಮುಖ.

ನಂಬಲಿಲ್ಲ. ಇಲ್ಲ ಎಂದ ಕಚೇರಿಗಳನ್ನು ನಂಬಿದ್ದರೆ ನಮಗೆ ಗುರುತಿನ ಚೀಟಿಯೂ ಸಿಗುತ್ತಿರಲಿಲ್ಲ... ಫೈಲಿನ ಕಾಪಿ ಮಾಡಿ, ಅದರಲ್ಲಿ ಅಳಿಸಿ ನೋಡಿದೆ. ಕಡಬದ ಪಟ್ಟಿ ತೆರೆಯಲೇ ಇಲ್ಲ.

ಫೈಲ್ ಮಾಡಿಕೊಟ್ಟ ಸುಳ್ಯದ ಹಕೀಮನಿಗೆ ಫೋನ್. ಪುತ್ತೂರಿನ ಊರು, ಸುಳ್ಯದ ಊರು ಸೇರಿ ಕಡಬ ಆದದ್ದಲ್ಲವೇ, ಅವನ ಕ್ವೆರಿಯೂ ಎರಡು ಟೇಬಲನ್ನು ಜೋಡಿಸಿದ್ದು.
“ಜೋಡಿಸಿದ ಕ್ವೆರಿಯನ್ನು ಅದು ತೋರಿಸುದಿಲ್ಲ ನೀಲಕ್ಕ. ಒಂದೊಂದನ್ನೇ ತೆರೆದು ಓದುದೇ ದಾರಿ.”

ಆಲಂಕಾರು, ಇಚಿಲಂಪಾಡಿಯ ಅರವತ್ತಮೂರು ಹೆಂಗಸರು ಆ ಹಳೆ ಟೇಬಲಿನಲ್ಲಿ ಮಾತ್ರ ಇದ್ದಾರೆ. ಅಳಿಸಿದ್ದರೆ—

ನವೆಂಬರ್ 13
ಹಳೆ ಟೇಬಲ್ ಬೇಕಾದವು ಯಾವುವೆಂದು ಹುಡುಕಲು ತೆರೆಯಬೇಕಾದದ್ದು ನಲವತ್ತೊಂದು ಕ್ವೆರಿ. ಎಲ್ಲ ಇಂಗ್ಲಿಷ್ ಕಗ್ಗ. ಸಂಜೆಯೊಳಗೆ ಮೂರು ಸಿಕ್ಕಿತು. ಕಣ್ಣು ಉರಿ.

ಇಚಿಲಂಪಾಡಿಯ ಸೀತು ಬಂದಳು. ಮೂವತ್ತು ವರ್ಷ ಬೀಡಿ ಕಟ್ಟಿದವಳು, ಇನ್ನೂ ಬಾಡಿಗೆ ಕೋಣೆ. ಪಟ್ಟಿಯಲ್ಲಿ ತಾನಿದ್ದೇನೆಯೇ ಎಂದು ಕೇಳಲು ಬಂದದ್ದು. ವಿಷಯ ಹೇಳಿದೆ. ಪಕ್ಕಕ್ಕೆ ಕುರ್ಚಿ ಎಳೆದು ಕೂತಳು. ಇಂಗ್ಲಿಷ್ ಬಾರದು. ಆದರೆ ಟೇಬಲಿನ ಹೆಸರು ಕನ್ನಡದಲ್ಲಿ ಉಂಟಲ್ಲ.

ನಾನು ನೋಡದೆ ದಾಟಿಬಿಟ್ಟಿದ್ದ ಪುಟವೊಂದರಲ್ಲಿ ಬೆರಳಿಟ್ಟಳು.
“ಇದೆಂತ ಮತ್ತೆ? ಪುತ್ತೂರು ಹಳೆ. ನಿಮಗೆ ಕನ್ನಡಕ ಬೇಕು ಮಾರಾಯ್ರೆ.”

ಅದು ವಿಧವೆಯರ ಪಟ್ಟಿಯ ಕ್ವೆರಿ! ಇಬ್ಬರೂ ನಕ್ಕೆವು. ಉಳಿದವನ್ನು ಅವಳೇ ನೋಡಿದಳು. ಒಟ್ಟು ನಾಲ್ಕು.

ಗಡಿ ಎಳೆದವರು ಮೇಜಿನ ಮುಂದೆ ಕೂತು ಎಳೆದರು. ಹೆಂಗಸರು ಇದ್ದಲ್ಲೇ ಇದ್ದಾರೆ. ಇದನ್ನು ಕಾರ್ಯದರ್ಶಿಯ ಮುಖಕ್ಕೇ ಹೇಳಿದೆ. ಅವರು ಪ್ರಿಂಟರಿಗೆ ಕಾಗದ ತುಂಬಿದರು.

ನವೆಂಬರ್ 17, ಕಡಬ, ಬೆಳಿಗ್ಗೆ 11.20
ತಾಲೂಕು ಕಚೇರಿಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅರವತ್ತಮೂರರಲ್ಲಿ ಐವತ್ತೆಂಟು ಮಂದಿ ಬಂದಿದ್ದಾರೆ. ನಾಳೆ ಬನ್ನಿ ಎಂದ ಗುಮಾಸ್ತ. ಯಾರೂ ಏಳಲಿಲ್ಲ. ಈಗ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೂಗುತ್ತಿದ್ದಾನೆ, ಸೀಲು ಬೀಳುತ್ತಿದೆ. ಆಲಂಕಾರು ಮುಗಿಯಿತು. ಇಚಿಲಂಪಾಡಿ ಶುರು. ಸೀತು ಆಗಲೇ ಎದ್ದು ನಿಂತಿದ್ದಾಳೆ, ಸೆರಗು ಸರಿ ಮಾಡಿಕೊಂಡು... ಕರೆದ, ಅವಳ ಹೆಸರೇ—