ಕೆಂಪಾಗಲೊಲ್ಲದ ಹೆಸರು

ಹೊನ್ನವಳ್ಳಿ
ನವೆಂಬರ್ 17, 2024

ಪ್ರೀತಿಯ ಸುನಿತಾ,

ಗೆದ್ದೆ ಕಣೇ! ಹೆಸರು ಕೆಂಪಾಯಿತು.

ನಮ್ಮೂರಿನ ಹನ್ನೆರಡು ಜನ ಸೋಬಾನೆ ಹಾಡುವವರ ವೆಬ್ ಪುಟವನ್ನು ನಾಳೆ ಸಂಜೆ ನಮ್ಮ ಜಗಲಿಯಲ್ಲೇ ತೋರಿಸಬೇಕು. ಎಲ್ಲರ ಹೆಸರೂ ಹಸಿರು, ನಮ್ಮ ಅತ್ತೆಯದೊಂದು ಕೆಂಪಾಗಿರಬೇಕು. ಅವರಿಗೆ ಓದು ಬಾರದು. ಬಣ್ಣ ನೋಡಿಯೇ ಗುರುತಿಸಬೇಕು. ಉಳಿದವರಿಗೆಲ್ಲ ಹಾಡು ಕಲಿಸಿದವರು ತಮ್ಮ ಹೆಸರೇ ಸಿಗದೆ ಕೂತರೆ ನಾನು ಹೇಗೆ ನೋಡಲಿ?

ನೀನು ಕಲಿಸಿದಂತೆ ಹನ್ನೆರಡೂ ಹೆಸರಿಗೆ ಒಂದೇ ಕ್ಲಾಸ್, ಅಂದರೆ ಒಂದೇ ಗುಂಪಿನ ಗುರುತು, ಕೊಟ್ಟು, ಆ ಕ್ಲಾಸಿಗೆ ಹಸಿರು ಎಂದು ಬರೆದಿದ್ದೆ. ಅತ್ತೆಯ ಹೆಸರಿಗೆ ಮಾತ್ರ ದಪ್ಪ ಅಕ್ಷರದ ಟ್ಯಾಗ್ ಹಾಕಿ, ಆ ಟ್ಯಾಗಿಗೆ ಕೆಂಪು ಎಂದು ಕಟ್ಟಕಡೆಗೆ ಬರೆದೆ. ಕವಿತೆ ಓದಿ ಕೆಟ್ಟವಳು ನಾನು. ಕೊನೆಯ ಸಾಲಿಗೇ ತೂಕ ಎಂದುಕೊಂಡಿದ್ದೆ. ಹೆಸರು ಹಸಿರಾಗಿಯೇ ಕೂತಿತು. ಗದರಿಸುವವಳಂತೆ ಅದೇ ಸಾಲನ್ನು ಮತ್ತೆ ಮೂರು ಸಲ ಬರೆದೆ.

ಇವತ್ತು ಅಟ್ಟದಲ್ಲಿ ಕೊಬ್ಬರಿ ನೋಡುವ ಕೆಲಸ. ಅಲ್ಲಾಡಿಸಿದಾಗ ಒಳಗೆ ಗಡಗಡ ಎಂದರೆ ಒಣಗಿದೆ ಎಂದರ್ಥ. ಬೆಳಿಗ್ಗೆ ಅತ್ತೆ, "ನಿರ್ಮಲಾ, ಪೂರಾ ಮುಗಿಯೋಗಂಟ ನೀನು ಇಳೀಬ್ಯಾಡ" ಎಂದಿದ್ದರು. ಮಧ್ಯಾಹ್ನ, "ಸೊಸೇರೆಲ್ಲಾ ಇಳ್ದು ಬನ್ರೇ, ಮುದ್ದೆ ಮಾಡ್ಬೇಕು" ಎಂದು ಕೂಗಿದರು. ಆಮೇಲೆ, "ಎಲ್ಲಾರೂ ಊಟಕ್ಕೆ ಬನ್ರಪ್ಪಾ." ನಾನೂ ಏಣಿಗೆ ಕಾಲಿಟ್ಟೆ.

"ಏಯ್, ನೀನೆಲ್ಲಿಗೆ?" ಎಂದರು.

ಎಲ್ಲರೂ ಬನ್ನಿ ಎಂದಿರಲ್ಲ ಅತ್ತೆ, ಎಂದೆ.

"ಅದು ಮನೇರಿಗೆ ಯೋಳಿದ್ದು. ನಿಂಗೆ ಹೆಸರಿಡಿದು ಬ್ಯಾರೆ ಯೋಳಿರ್ಲಿಲ್ವಾ? ಹತ್ತು ಮ್ಯಾಲಕ್ಕೆ!"

ಹಸಿದ ಹೊಟ್ಟೆಯಲ್ಲೇ ನಕ್ಕುಬಿಟ್ಟೆ. ಟ್ಯಾಗ್ ಎಂದರೆ ಮನೆಮಂದಿಗೆಲ್ಲ ಹೇಳಿದ ಮಾತು, ಕ್ಲಾಸ್ ಎಂದರೆ ಸೊಸೆಯರಿಗೆ ಹೇಳಿದ್ದು, ನೀನು ಹೇಳಿದ್ದ ಆ ಐಡಿ ಎಂದರೆ ಹೆಸರು ಹಿಡಿದು ಒಬ್ಬಳಿಗೇ ಹೇಳಿದ್ದು. ಆಮೇಲೆ ಎಷ್ಟು ಕೂಗಿದರೂ ಒಬ್ಬಳಿಗೆ ಹೇಳಿದ್ದು ಅಳಿಸುವುದಿಲ್ಲ. ಸರಿಸಮದ ಎರಡು ಮಾತು ಎದುರಾದರೆ ಮಾತ್ರ ಕೊನೆಯದು ನಡೆಯುತ್ತದೆ.

ಕೆಳಗೆ ಬಂದವಳೇ ಅತ್ತೆಯ ಹೆಸರಿಗೊಂದು ಐಡಿ ಕೊಟ್ಟು, ಆ ಐಡಿಗೆ ಕೆಂಪು ಎಂದು ಬರೆದೆ. ನೋಡೋಣವೆಂದು ಆ ನಿಯಮವನ್ನು ಎಲ್ಲಕ್ಕಿಂತ ಮೊದಲಿಗೆ ಒಯ್ದಿಟ್ಟೆ. ಆದರೂ ಕೆಂಪೇ! ಅತ್ತೆಯನ್ನು ಕರೆದು ಕೂರಿಸಿದೆ. ನಾನು ತೋರಿಸುವ ಮೊದಲೇ ಅವರ ಬೆರಳು ಅಲ್ಲಿಗೆ ಹೋಯಿತು. 'ಚಿಕ್ಕಗೌರಮ್ಮ' ಎಂಬುದರ ಈ ತುದಿಯಿಂದ ಆ ತುದಿಗೆ ಸವರಿ, "ಇಷ್ಟುದ್ದ ಇದೀನಾ ನಾನು?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು.

ನಾಳೆ ತಪ್ಪದೆ ಬಾ, ಗುರುವೇ.

ನಿನ್ನ
ನಿರ್ಮಲಾ

ತಾ.ಕ.: ಇದನ್ನು ಮೇಲೆ ಬರೆಯಲು ನಾಚಿಕೆಯಾಯಿತು. ಸೊಸೆಯರನ್ನು ತವರೂರಿನ ಹೆಸರಿನಿಂದ ಕರೆಯುವ ಮನೆ ನಮ್ಮದು. ಇಪ್ಪತ್ತನಾಲ್ಕು ವರ್ಷ ನಾನು ಬರೀ 'ಶೆಟ್ಟಿಕೆರೆಯೋಳು'. ಅತ್ತೆಯ ಬಾಯಲ್ಲಿ ನನ್ನ ಹೆಸರು ಬಂದದ್ದು ಇವತ್ತೇ ಮೊದಲು. ಮತ್ತೆ ಹತ್ತಿದ ಮೇಲೆ ಕೊಬ್ಬರಿ ಬೇಗನೆ ಮುಗಿದಿತ್ತು ಕಣೇ. ಇನ್ನೊಮ್ಮೆ ಹೆಸರು ಹಿಡಿದು ಕರೆಯಲಿ ಎಂದು ಅಟ್ಟದಲ್ಲೇ ಕೂತಿದ್ದೆ. ಕರೆದರು.