ಒಂದೇ ಬೆರಳಿಗೆ ಬರುವ ಹಲಗೆ

ಮಾರ್ಚ್ 3, ಮಂಗಳವಾರ

ಆಯಿಲ್ ನೋಡಿದೆ, ಸರಿ ಇದೆ. ಟೈರಿನ ಗಾಳಿಯೂ ಸರಿ. ಎಡಗಡೆಯ ಇಂಡಿಕೇಟರ್ ಹಾಕಿದರೆ ಈಗಲೂ ವೈಪರ್ ಆಡುತ್ತದೆ. ಪಿಕಪ್‌ಗೆ ನಾನೇ ಹೊಸ ಹಾರ್ನ್ ಕೂಡಿಸಿದ ದಿನದಿಂದ ಹೀಗೆ. ಎಡಕ್ಕೆ ತಿರುಗುವುದನ್ನು ಆದಷ್ಟು ತಪ್ಪಿಸುತ್ತಿದ್ದೇನೆ. ಮನೆಯಿಂದ ಅಂಗಡಿಗೆ ಬಲಗಡೆಯಿಂದಲೇ ಸುತ್ತಿ ಬರಬಹುದು. ಹತ್ತು ನಿಮಿಷ ಜಾಸ್ತಿ, ಅಷ್ಟೆ.

ಭಾಮೈದ ಗ್ಯಾರೇಜಿನಿಂದ ಬಂದಿದ್ದ. ಬಾನೆಟ್ ಎತ್ತಿ ನೋಡಿದ. ಹೆಣ ನೋಡಿದವನಂತೆ ಮೆಲ್ಲಗೆ ಮುಚ್ಚಿದ.

"ಭಾವ, ಸೋಫಾ ರಿಪೇರಿ ನಿಮ್ಮ ಕೆಲಸ. ಗಾಡಿ ರಿಪೇರಿ ನಂದು. ನಾನೇನು ನಿಮ್ಮ ಅಂಗಡಿಗೆ ಬಂದು ಕುಶನ್ ಹೊಲೀತೀನಾ?"

ಹೊಲಿಯಲಿ. ಬೇಡ ಅಂದವರು ಯಾರು?

ಇಲ್ಲಿಯವರೆಗೆ ನನ್ನ ಕೈಯಾರೆ ಮಾಡಿದ್ದು ಹತ್ತು ಬದಲಾವಣೆ. ಮೇಲಿನ ಕ್ಯಾರಿಯರ್ ನಲವತ್ತು ದಾಟಿದರೆ ಶಿಳ್ಳೆ ಹೊಡೆಯುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಬರೀ ಆಕಾಶ ಕಾಣುತ್ತದೆ. ಮೋಡ ಇದೆಯೋ ಇಲ್ಲವೋ ತಿಳಿಯುತ್ತದೆ, ಅದೂ ಒಂದು ಉಪಯೋಗವೇ. ಉಳಿದ ಏಳರ ವಿಷಯ ಬರೆಯುವ ಮನಸ್ಸಿಲ್ಲ.

ಮಾರ್ಚ್ 5, ಗುರುವಾರ

ಇವತ್ತು ಎರಡು ಸೋಫಾ ಡೆಲಿವರಿ. ಒಂದು ತುದಿ ನಾನು, ಇನ್ನೊಂದು ತುದಿ ಇವಳು. ಮದುವೆಯಾದ ಇಪ್ಪತ್ತೆರಡು ವರ್ಷದಿಂದ ಹಾಗೇ. ಆದರೆ ಇವಳು ಈಗ ಎಡಗೈ ಹಚ್ಚುವುದಿಲ್ಲ. ಬಲಗೈ, ತೊಡೆ, ಮೊಣಕಾಲು... ಎಲ್ಲವನ್ನೂ ಕೊಡುತ್ತಾಳೆ, ಎಡಗೈಯೊಂದನ್ನು ಬಿಟ್ಟು.

ಇನ್ನೂ ನೋಡಿದ್ದೇನೆ. ಕೂದಲನ್ನು ಗಂಟು ಹಾಕುವುದು ನಿಲ್ಲಿಸಿ ತಿಂಗಳ ಮೇಲಾಯಿತು. ಬರೀ ಜಡೆ, ಅದೂ ಮುಂದಕ್ಕೆ ಎಳೆದುಕೊಂಡು. ಅಟ್ಟದ ಮೇಲಿನ ಡಬ್ಬಿ ಬೇಕಾದರೆ "ನೀವೇ ತೆಗೀರಿ, ನಂಗೆ ಧೂಳಾಗಲ್ಲ" ಅನ್ನುತ್ತಾಳೆ. ದಿನವಿಡೀ ಹಳೇ ಸೋಫಾದ ಹೊಟ್ಟೆ ಬಗೆಯುವವಳಿಗೆ ಧೂಳಾಗುವುದಿಲ್ಲವಂತೆ!

ಕೇಳಲಿಲ್ಲ. ಹಿಂದೆ ಒಮ್ಮೆ ಕೇಳದೆ ಒಬ್ಬ ಹಮಾಲಿಯನ್ನು ಕರೆಸಿದ್ದೆ. "ನಾನೇನು ಮುದುಕಿ ಆಗ್ಹೋದ್ನಾ?" ಎಂದು ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಮಾತಾಡಿದಳು. ಅದು ಇನ್ನೂ ಕಷ್ಟವಾಗಿತ್ತು.

ಬೇರೆ ದಾರಿ ಇದೆ. ಪಿಕಪ್ಪಿನ ಹಿಂಬದಿಗೆ ಜಾರುವ ಹಲಗೆ. ಡ್ರಾಯರ್ ಇದ್ದಂತೆ, ಎಳೆದರೆ ಹೊರಗೆ, ತಳ್ಳಿದರೆ ಒಳಗೆ. ಸೋಫಾವನ್ನು ಎತ್ತಿ ಹತ್ತಿಸುವುದೇ ಬೇಡ.

ಹನ್ನೊಂದನೆಯದು.

ಮಾರ್ಚ್ 8, ಭಾನುವಾರ

ಗುಜರಿಯಲ್ಲಿ ಜಾರುವ ಗೇಟಿನ ಗಾಲಿಗಳು ಸಿಕ್ಕವು. ಎಂಟು. ಹಳಿಯೂ ಸಿಕ್ಕಿತು. ಬೆಳಿಗ್ಗೆಯಿಂದ ಡ್ರಿಲ್. ಇವಳು ಬಾಗಿಲಲ್ಲಿ ನಿಂತು ನೋಡಿದಳು.

"ಇದೇನ್ರೀ ಈಗ?"

"ಗಿರಾಕಿಗಳು ನೋಡಿ ಬೆರಗಾಗ್ಲಿ ಅಂತ."

"ಹೋದ ಸಲ ಲೈಟ್ ಹಾಕಿದಾಗ್ಲೂ ಬೆರಗಾಗಿದ್ರು. ಎದುರಿಗೆ ಬಂದ ಬಸ್ಸಿನವನು ಇಳಿದು ಬಂದು ಬೆರಗಾಗಿದ್ದ."

ಒಳಗೆ ಹೋದಳು. ನಿನಗಾಗಿ ಮಾಡುತ್ತಿದ್ದೇನೆ ಎನ್ನುವ ಮಾತು ಬಾಯಿ ತುದಿಗೆ ಬಂತು. ನುಂಗಿಕೊಂಡೆ.

ಮಾರ್ಚ್ 15, ಭಾನುವಾರ

ಮುಗಿಯಿತು! ಒಂದೇ ಬೆರಳಿನಲ್ಲಿ ಎಳೆದರೆ ಬರುತ್ತದೆ. ಹಗ್ಗ ಬೇಡ, ಬಲ ಬೇಡ. ಸಂಜೆಯವರೆಗೆ ಎಳೆಯುವುದು, ತಳ್ಳುವುದು, ಇದೇ ಕೆಲಸ. ಪಕ್ಕದ ಅಂಗಡಿಯವರೂ ಎರಡು ಸಲ ಎಳೆದು ನೋಡಿದರು.

ತಾನಾಗಿ ಜಾರದಿರಲು ಹಿಂದುಗಡೆ ಒಂದು ಅಡ್ಡಪಟ್ಟಿ. ಅದಕ್ಕೆ ಚಿಲಕವನ್ನು ಗಾಡಿಯ ಹಿಂಬದಿಯ ಕಬ್ಬಿಣದ ಚೌಕಟ್ಟಿನ ಮೇಲ್ತುದಿಯಲ್ಲಿ ಕೂರಿಸಿದ್ದೇನೆ. ಹಾದಿಹೋಕರು ಸುಮ್ಮನೆ ಕೈಯಾಡಿಸಬಾರದಲ್ಲ. ಕೈ ಚಾಚಿದರೆ ನನಗೆ ಸರಿಯಾಗಿ ಎಟುಕುತ್ತದೆ.

ಭಾಮೈದನಿಗೆ ತೋರಿಸಿದೆ. ಒಂದು ಬೆರಳಿನಲ್ಲಿ ಎಳೆದ. ಹಲಗೆ ಬಂತು. ತನ್ನ ಬೆರಳನ್ನೇ ನೋಡಿಕೊಂಡ.

"ಒಂದು ಬೆರಳಿಗೆ ಬರೋದು, ಬೆರಳೇ ಇಲ್ದೇನೂ ಬರುತ್ತೆ ಭಾವ."

ಹೊಟ್ಟೆಕಿಚ್ಚು.

ಮಾರ್ಚ್ 19, ಗುರುವಾರ

ನಾಲ್ಕು ದಿನ, ಐದು ಡೆಲಿವರಿ, ಒಂದು ಸಲವೂ ಎತ್ತಿಲ್ಲ. ನಾನು ಓಡಿಸುವುದು, ಇವಳು ಹಿಂದೆ ಅಡ್ಡಪಟ್ಟಿ ಹಾಕಿ ಬಂದು ಕೂರುವುದು. "ಹಾಕಿದ್ಯಾ?" ಅನ್ನುತ್ತೇನೆ. "ಹ್ಞೂಂ" ಅನ್ನುತ್ತಾಳೆ. ಹೊರಡುತ್ತೇವೆ.

ಒಂದು ಮಾತು "ಚೆನ್ನಾಗಿದೆ" ಅನ್ನಬಹುದಿತ್ತು. ಅನ್ನಲಿಲ್ಲ. ಇರಲಿ.

ಮಾರ್ಚ್ 26, ಗುರುವಾರ. ಮಧ್ಯಾಹ್ನ 3

ಮನೆಗೆ ಬಂದವನೇ ಬರೆಯಲು ಕೂತೆ. 

ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರ ಮೂರು ಸೀಟಿನ ಸೋಫಾ. ಕಡುಹಸಿರು ವೆಲ್ವೆಟ್. ಅವರ ಗಂಡ ಇದ್ದಾಗ ಕೂರುತ್ತಿದ್ದ ಸೋಫಾ ಅಂತೆ. ಆರು ವಾರದ ಕೆಲಸ. ಕಾಲಿಗೆ ಪುಟ್ಟ ಗಾಲಿಗಳು ಬೇಕು ಎಂದಿದ್ದರು, ಗುಡಿಸಲು ಅನುಕೂಲ ಎಂದು. ಹಾಕಿದ್ದೆ. ಡೆಲಿವರಿಗೆ ತಾವೂ ಜೊತೆಗೆ ಬರುತ್ತೇನೆಂದು ಹಟ ಹಿಡಿದು ಮುಂದೆ ಕೂತರು. ನಡುವೆ ಇವಳು.

"ಹಾಕಿದ್ಯಾ?"

"ಹ್ಞೂಂ."

ಏರುರಸ್ತೆಯ ಸಿಗ್ನಲ್. ಕೆಂಪು. ನಿಂತೆ. ಹಸಿರು ಬಂತು. ಕ್ಲಚ್ ಬಿಟ್ಟೆ. ಗಾಡಿ ಇದ್ದಕ್ಕಿದ್ದಂತೆ ಹಗುರವಾಗಿ ಜಿಗಿಯಿತು.

"ನೋಡಿದ್ರಾ ಮೇಡಂ, ಹೇಗೆ ಎಳೀತು!" ಎಂದೆ.

ನಿಜವಾಗಿ ಹಾಗೆಂದೆ. ದೇವರೇ.

ಇವಳು ಮಾತ್ರ ಕ್ಯಾಮೆರಾದ ಪರದೆ ನೋಡುತ್ತಿದ್ದಳು. "ರೀ... ಆಕಾಶ ಹಸಿರಾಗಿದೆ."

ಹಲಗೆ ಪೂರ್ತಿ ಹೊರಗೆ ಬಂದಿತ್ತು. ಸೋಫಾ ಅದರ ಅಂಚಿನಿಂದ ಇಳಿದು, ಪಲ್ಟಿಯೂ ಹೊಡೆಯದೆ, ತನ್ನ ನಾಲ್ಕು ಗಾಲಿಗಳ ಮೇಲೆ ನಿಂತು, ಇಳಿಜಾರಿನಲ್ಲಿ ಹಿಂದಕ್ಕೆ ಹೊರಟಿತ್ತು. ಗಾಂಭೀರ್ಯದಿಂದ. ಹಿಂದೆ ಕಾರು, ಬಸ್ಸು ಯಾವುದೂ ಇರಲಿಲ್ಲ. ಒಬ್ಬ ಸೈಕಲ್ಲಿನವನು ಇದ್ದ. ಸೈಕಲ್ ಬಿಟ್ಟು ಫುಟ್‌ಪಾತಿಗೆ ಹಾರಿದ. ಅವನ ಮುಖ ಕಣ್ಣಿನಿಂದ ಹೋಗುತ್ತಿಲ್ಲ. ಒಂದು ಕ್ಷಣ ತಡವಾಗಿದ್ದರೆ... ಬರೆಯಲಾರೆ.

ಸೋಫಾ ಹೋಗಿ ಕೆಳಗಿನ ಜೀಬ್ರಾ ಕ್ರಾಸಿಂಗ್ ಹತ್ತಿರ ಫುಟ್‌ಪಾತಿಗೆ ಒರಗಿ ನಿಂತಿತು. ನಾನು ಓಡಿ ತಲುಪುವಷ್ಟರಲ್ಲಿ ರಸ್ತೆ ದಾಟಲು ಕಾಯುತ್ತಿದ್ದ ಒಬ್ಬರು ಮುದುಕರು ಅದರಲ್ಲಿ ಕೂತಾಗಿತ್ತು. ಸರ್ಕಾರದವರು ಹಾಕಿಸಿದ್ದು ಅಂದುಕೊಂಡರಂತೆ.

ಟ್ರಾಫಿಕ್ ಪೊಲೀಸ್ ಬಂದ.

"ಯಾರ್ದು ಈ ಸೋಫಾ?"

"ನಂದು" ಎಂದೆ. "ನಂದು" ಎಂದರು ಹೆಡ್‌ಮಿಸ್ಟ್ರೆಸ್. ಮುದುಕರು ಸುಮ್ಮನೆ ಕೂತಿದ್ದರು.

ಪೊಲೀಸ್ ಗಾಡಿಯನ್ನು ಸುತ್ತ ನೋಡಿದ. ಹಾರ್ನ್, ಲೈಟು, ಕ್ಯಾರಿಯರ್, ಹಲಗೆ. "ಇಷ್ಟನ್ನೂ ಯಾರ್ರೀ ಮಾಡಿದ್ದು?" ಎಂದ. "ನಾನೇ" ಎಂದೆ. ಜೀವನದಲ್ಲಿ ಮೊದಲ ಸಲ ಆ ಮಾತು ಹೇಳಲು ನಾಚಿಕೆಯಾಯಿತು. ಬರೆದುಕೊಳ್ಳುವುದು ಬಹಳ ಇದ್ದುದರಿಂದ ಮುದುಕರ ಪಕ್ಕದಲ್ಲೇ ಕೂತು ಬರೆದ. ಒಳ್ಳೆಯ ಗ್ಯಾರೇಜಿನಲ್ಲಿ ಪರೀಕ್ಷೆ ಮಾಡಿಸಿ ಕಾಗದ ತರುವವರೆಗೆ ಗಾಡಿ ರಸ್ತೆಗೆ ಇಳಿಸಬಾರದು. ಎದ್ದವನು ಸೀಟನ್ನು ಒಮ್ಮೆ ಒತ್ತಿ ನೋಡಿದ. "ಕೆಲಸ ಮಾತ್ರ ಚೆನ್ನಾಗಿದೆ" ಎಂದ.

ಹೆಡ್‌ಮಿಸ್ಟ್ರೆಸ್ ನನಗೆ ನಡುರಸ್ತೆಯಲ್ಲಿ ಕಾಲು ಗಂಟೆ ಬೈದರು. ಬೈದು ಸುಸ್ತಾಗಿ ಅದೇ ಸೋಫಾದಲ್ಲಿ ಕೂತರು. ಕೈಯಿಂದ ವೆಲ್ವೆಟ್ ಸವರಿದರು. "ನಮ್ಮವ್ರು ಇದ್ದಿದ್ರೆ ನಗ್ತಿದ್ರು" ಎಂದು ಮೆಲ್ಲಗೆ ಅಂದು, ಮತ್ತೆ ಬೈದರು.

ಇವಳ ಮುಖ ಸುಣ್ಣದಂತೆ ಬಿಳಿಚಿತ್ತು.

ಅದೇ ದಿನ, ಸಂಜೆ

ಚಿಲಕ ಮುರಿದಿರಬೇಕು. ಗುಜರಿ ಮಾಲು ನಂಬಬಾರದಿತ್ತು.

"ಸರಿಯಾಗಿ ಹಾಕಿದ್ಯಾ?" ಎಂದು ಇನ್ನೊಮ್ಮೆ ಕೇಳಿದೆ.

"ಹಾಕಿದ್ದೆ ಅಂದ್ನಲ್ಲ!" ಎಂದು ಪಾತ್ರೆ ಕುಕ್ಕಿದಳು.

ಮಾರ್ಚ್ 28, ಶನಿವಾರ

ಪಿಕಪ್ಪನ್ನು ಕಟ್ಟಿ ಎಳೆದುಕೊಂಡು ಭಾಮೈದನ ಗ್ಯಾರೇಜಿಗೆ. ಅವನು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಇವಳೂ ಬಂದಿದ್ದಳು, ಮೂಲೆಯ ಟೈರುಗಳ ಮೇಲೆ ಕೂತಿದ್ದಳು.

ಭಾಮೈದ ಚಿಲಕ ಬಿಚ್ಚಿ ಬೆಳಕಿಗೆ ಹಿಡಿದ. ಹಾಕಿದ, ತೆಗೆದ, ಮತ್ತೆ ಹಾಕಿದ. ಸುತ್ತಿಗೆಯಿಂದ ಎರಡು ಬಾರಿಸಿದ. ಅಲ್ಲಾಡಲಿಲ್ಲ.

"ಭಾವ, ಇದು ಮುರಿದಿಲ್ಲ. ಒಂದು ಗೀರೂ ಇಲ್ಲ. ಇದನ್ನ ಅವತ್ತು ಯಾರೂ ಹಾಕೇ ಇಲ್ಲ."

 ಆಗ ನನ್ನ ಮಂಡೆಗೆ ಹೋಯಿತು. ಚಿಲಕ ಇರುವುದು ನನ್ನ ತಲೆಗಿಂತ ಒಂದು ಗೇಣು ಮೇಲೆ. ಇವಳು ನನ್ನ ಭುಜದವರೆಗೆ ಬರುತ್ತಾಳೆ. ಪಟ್ಟಿಯನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಎಡಗೈಯಲ್ಲಿ ಚಿಲಕ ಹಾಕಬೇಕು. ಎಡಗೈಯಲ್ಲಿ!

"ಅವತ್ತು ನಾನೇ ಮರೆತೆ ಕಣೋ" ಎಂದುಬಿಟ್ಟೆ.

"ಅವರಲ್ಲ." ಇವಳು ಎದ್ದು ಬಂದಳು. "ನಾನು ಹಾಕಿರ್ಲಿಲ್ಲ. ದಿನಾ ಹೇಗೋ ಹಾಕ್ತಿದ್ದೆ, ಸ್ಟೂಲ್ ಹತ್ತಿ. ಅವತ್ತು ಮೇಡಂ ನೋಡ್ತಾ ನಿಂತಿದ್ರು. ಸ್ಟೂಲ್ ತರೋಕೆ ನಾಚ್ಕೆ ಆಯ್ತು. ಕೈ ಮೇಲೆ ಹೋಗ್ಲೇ ಇಲ್ಲ. ಪಟ್ಟಿ ಸುಮ್ನೆ ಒರಗಿಸಿ ಬಂದೆ."

"ಎಷ್ಟು ದಿನದಿಂದ ನೋವು?"

"ಮೂರು ತಿಂಗಳಿಂದ."

"ನಂಗೆ ಗೊತ್ತಿತ್ತು."

"ಗೊತ್ತಿದ್ದು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ?"

"ಅದಕ್ಕೇ ಅಲ್ವೇನೆ ಈ ಹಲಗೆ ಮಾಡಿದ್ದು! ನೀನು ಎತ್ತಬಾರ್ದು ಅಂತ."

ಇವಳು ನನ್ನನ್ನು ನೋಡಿದಳು. ಹಲಗೆಯನ್ನು ನೋಡಿದಳು. ಮೇಲೆ ಚಿಲಕ ಇದ್ದ ಜಾಗ ನೋಡಿದಳು.

"ನನಗೋಸ್ಕರ ಮಾಡಿ, ನಿಮ್ಮ ಎತ್ತರಕ್ಕೆ ಹಾಕಿದ್ರಾ?"

ಮೊದಲು ನಕ್ಕವನು ಭಾಮೈದ. ಆಮೇಲೆ ಇವಳು. ನಗುತ್ತಾ ನಗುತ್ತಾ "ಆ ಸೈಕಲ್ಲಿನ ಹುಡುಗ ಸತ್ತಿದ್ರೆ ನಾನು..." ಎಂದು ಅಳತೊಡಗಿದಳು. ಗ್ರೀಸ್ ಮೆತ್ತಿದ ಕೈ. ಎಲ್ಲಿ ಹಿಡಿಯಲಿ ಎಂದು ತಿಳಿಯದೆ ಮೊಣಕೈಯಿಂದ ತಬ್ಬಿಕೊಂಡೆ.

ಒಪ್ಪಂದವಾಯಿತು. ಇನ್ನು ಮೇಲೆ ಏನಿದ್ದರೂ ಬಾಯಿ ಬಿಟ್ಟು ಹೇಳುವುದು. ಇಬ್ಬರೂ. ಭಾಮೈದ ಸಾಕ್ಷಿ.

ಮಾರ್ಚ್ 30, ಸೋಮವಾರ

ಡಾಕ್ಟರು ಹೇಳಿದ್ದು: ಭುಜ ಬಿಗಿದುಕೊಂಡಿದೆ, ವ್ಯಾಯಾಮದಿಂದ ಬಿಡುತ್ತದೆ. ಗೋಡೆಯ ಮೇಲೆ ಬೆರಳುಗಳನ್ನು ನಡೆಸಬೇಕಂತೆ, ದಿನಾ ಸ್ವಲ್ಪ ಸ್ವಲ್ಪ ಮೇಲಕ್ಕೆ. ಅಡುಗೆಮನೆ ಗೋಡೆಗೆ ಪೆನ್ಸಿಲ್ ಗೆರೆ ಹಾಕಿದ್ದೇವೆ. ಇವತ್ತಿನ ಗೆರೆ ಸ್ವಿಚ್‌ಬೋರ್ಡಿನ ಕೆಳಗೆ.

ಏಪ್ರಿಲ್ 4, ಶನಿವಾರ

ಭಾಮೈದ ಕಾಗದ ಕೊಟ್ಟ. ಹತ್ತು ಬದಲಾವಣೆ ಕಿತ್ತು ಒಂದು ಗೋಣಿಚೀಲಕ್ಕೆ ತುಂಬಿದ್ದ. ಹಾರ್ನ್ ತೆಗೆದ ಕೂಡಲೇ ವೈಪರ್ ಸರಿಹೋಯಿತಂತೆ. ಹಲಗೆಯನ್ನು ಮಾತ್ರ ಬಿಟ್ಟಿದ್ದಾನೆ. ಒಳಗಿನಿಂದ ಒಂದು ಸರಪಳಿ, ಗಾಲಿಗೊಂದು ಬ್ರೇಕ್ ಸೇರಿಸಿದ್ದಾನೆ.

"ನಿಜ ಹೇಳು," ಎಂದೆ. "ಮಾಡಿದ್ದು ಸಾರ್ಥಕವೋ ಅಲ್ವೋ?"

"ಹತ್ತು ದಂಡ ಭಾವ." ಎಂಜಿನ್ ಕಡೆ ಮುಖ ತಿರುಗಿಸಿ ಹೇಳಿದ, "ಇದೊಂದು... ನಂಗೂ ಒಂದು ಬೇಕಿತ್ತು. ಗೇರ್‌ಬಾಕ್ಸ್ ಸಾಗಿಸೋಕೆ."

ಎಡಕ್ಕೆ ತಿರುಗಿ ಮನೆಗೆ ಬಂದೆ. ಹತ್ತು ನಿಮಿಷ ಮೊದಲೇ. ಏನು ಮಾಡಬೇಕೆಂದು ತೋಚಲಿಲ್ಲ.

ಜೂನ್ 11, ಗುರುವಾರ

ಇವತ್ತಿನ ಗೆರೆ ಕಪಾಟಿನ ಮೇಲ್ತುದಿಗೆ! ಕೂದಲು ಗಂಟು ಕಟ್ಟಿಕೊಂಡಳು. ನಾನು ಏನೂ ಹೇಳಲಿಲ್ಲ... ಇಲ್ಲ, ಹೇಳಿದೆ. ಒಪ್ಪಂದ ನೆನಪಾಯಿತು. "ಚೆನ್ನಾಗಿ ಕಾಣ್ತೀಯ" ಎಂದೆ. "ಏನು ಒಡೆದು ಹಾಕಿದ್ರಿ?" ಎಂದಳು.

ಸಂಜೆ ಡ್ರಿಲ್ ತೆಗೆದೆ, ಚಿಲಕವನ್ನು ಇವಳ ಎತ್ತರಕ್ಕೆ ಇಳಿಸೋಣವೆಂದು. ಅಡ್ಡ ಬಂದಳು.

"ಅದು ಅಲ್ಲೇ ಇರ್ಲಿ. ನಿಮಗೆ ಎಟುಕುತ್ತಲ್ಲ? ನೀವೇ ಹಾಕಿ."

"ಮತ್ತೆ ಗಾಡಿ?"

"ಕೀ ಕೊಡಿ."

ನನಗಿಂತ ನಾಲ್ಕು ವರ್ಷ ಮೊದಲು ಲೈಸೆನ್ಸ್ ತೆಗೆದವಳು. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತಿದ್ದಳು. ಒಮ್ಮೆಯೂ ಕೇಳಿರಲಿಲ್ಲ. ನಾನೂ ಕೊಟ್ಟಿರಲಿಲ್ಲ. ಡಾಕ್ಟರನ್ನು ಹೋದ ವಾರವೇ ಕೇಳಿಕೊಂಡು ಬಂದಿದ್ದಾಳೆ, ಓಡಿಸಬಹುದೇ ಎಂದು. ಓಡಿಸಬಹುದಂತೆ.

ಕೊಟ್ಟೆ.

ಜೂನ್ 14, ಭಾನುವಾರ. ಬೆಳಿಗ್ಗೆ 9.40, ಗಾಡಿಯಲ್ಲಿ

ಪಕ್ಕದ ಸೀಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ರಸ್ತೆ ಬೇರೆಯೇ ಕಾಣುತ್ತದೆ. ಅಂಗಡಿಗಳ ಬೋರ್ಡು ಓದಬಹುದು. ಬಲಗಾಲು ಮಾತ್ರ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದೆ.

ಹೆಡ್‌ಮಿಸ್ಟ್ರೆಸ್ ಮನೆಗೆ ಎರಡು ಕುರ್ಚಿ, ಅದೇ ವೆಲ್ವೆಟ್. ಅವರೇ ಫೋನ್ ಮಾಡಿದ್ದರು. ಸೋಫಾ ನೋಡಿದವರೆಲ್ಲ ಅದು ರಸ್ತೆಯಲ್ಲಿ ಓಡಿದ ಕಥೆಯನ್ನೇ ಕೇಳುತ್ತಾರಂತೆ. ಮನೆಗೆ ಜನ ಬರಲು ಶುರುಮಾಡಿದ್ದಾರಂತೆ.

ಅವರ ಓಣಿ ಸಪೂರ. ಇವಳು ರಿವರ್ಸ್ ತೆಗೆದುಕೊಳ್ಳುತ್ತಿದ್ದಾಳೆ. ಹೆಡ್‌ಮಿಸ್ಟ್ರೆಸ್ ಹಿಂದೆ ನಿಂತು ಕೈ ಬೀಸುತ್ತಿದ್ದಾರೆ. ಬಾ ಎಂದೋ ನಿಲ್ಲು ಎಂದೋ ತಿಳಿಯುವುದಿಲ್ಲ. ನನ್ನ ಕಡೆ ಕಾಂಪೌಂಡ್ ಗೋಡೆ. ಒಂದು ಮೊಳ.

"ಗೋಡೆ" ಎಂದೆ.

"ನೋಡಿದೀನಿ. ಸುಮ್ನೆ ಬರ್ಕೊಳ್ಳಿ."

ಬರೆದುಕೊಳ್ಳುತ್ತಿದ್ದೇನೆ. ಈಗ ಒಂದು ಗೇಣು. ಮತ್ತೆ ಹೇಳಿದರೆ ಇವತ್ತಿಡೀ ಮಾತಿರುವುದಿಲ್ಲ. ಹೇಳದಿದ್ದರೆ ಗೋಡೆ. ಅರ್ಧ ಗೇಣು. ಒಪ್ಪಂದ ಒಪ್ಪಂದವೇ. ಹೇಳಿಯೇ ಬಿಡುತ್ತೇನೆ. ನಾಲ್ಕು ಬೆರಳು. ಈಗ ಕಿಟಕಿಯಿಂದ ಗೋಡೆಯ ಮೇಲಿನ ಇರುವೆ ಸಾಲು ಕಾಣು—