ಹೂಗಾರ ದ್ಯಾಮವ್ವನ ನೋಟುಬುಕ್ಕು

ನೆನಪುಕಟ್ಟೆ, ರಾಣೇಬೆನ್ನೂರು
೨೧೪೯ನೇ ಇಸವಿ, ಫೆಬ್ರುವರಿ ೩೦

ಸಂಶೋಧನಾ ವಿದ್ಯಾರ್ಥಿನಿ ಮೇದಿನಿಗೆ,

ತಾರೀಖು ನೋಡಿ ನಗಬೇಡ. ನಮ್ಮ ಪಂಚಾಂಗದಲ್ಲಿ ಈ ದಿನ ಇದೆ. ನನ್ನ ಮಾತು ನಿನ್ನ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ಅದೊಂದಕ್ಕೆ ಮಾತ್ರ ಕ್ಷಮೆ ಕೇಳುತ್ತಿದ್ದೇನೆ. ನೀನು ನನಗಿಂತ ನೂರಿಪ್ಪತ್ತು ವರ್ಷ ಹಿರಿಯಳು, ಆದರೂ ‘ನೀವು’ ಎನ್ನಲು ನಾಲಿಗೆ ಹೊರಳುತ್ತಿಲ್ಲ.

ನಾನು ಶಾಲ್ಮಲಾ, ಹೂಗಾರ ದ್ಯಾಮವ್ವನ ಮರಿಮೊಮ್ಮಗಳ ಮಗಳು. ಹೌದು, ಚಿತ್ರಮಂದಿರದ ಎದುರು ಹೂ ಮಾರುವ ಅದೇ ದ್ಯಾಮವ್ವ. ಹಳೆಯ ಪುಸ್ತಕ, ಫೋಟೋಗಳನ್ನು ಊರಿನವರು ಬಂದು ಕೇಳಿ ನೋಡುವ ಜಾಗಕ್ಕೆ ನಾವು ನೆನಪುಕಟ್ಟೆ ಎನ್ನುತ್ತೇವೆ. ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದವರು ಸಂಜೆಯವರೆಗೂ ಏಳುವುದಿಲ್ಲ. ಅಲ್ಲಿ ನಾನು ಹೆಸರುಗಾರ್ತಿ: ಯಾವುದನ್ನು ಯಾರು ಮಾಡಿದರೆಂದು ಪತ್ತೆಹಚ್ಚಿ ಅವರ ಹೆಸರಿನ ಮುದ್ರೆ ಒತ್ತುವುದು ನನ್ನ ಕೆಲಸ. ಆ ಕೆಲಸದಲ್ಲೇ ಸಿನಿಮಾ ಅಭಿಮಾನಿಗಳ ಬಗ್ಗೆ ನೀನು ಬರೆಯಲಿರುವ ಪುಸ್ತಕ ನನ್ನ ಕೈಗೆ ಬಂತು. ಎರಡು ಸಾರಿ ಓದಿದೆ. ಮೈಯೆಲ್ಲ ಉರಿಯಿತು.

ಕಟೌಟಿಗೆ ಹಾಲು ಸುರಿದ ಗಂಡಸರಿಗೆಲ್ಲ ಅದರಲ್ಲಿ ಹೆಸರಿದೆ, ಫೋಟೋ ಇದೆ. ಅದೇ ಕಟೌಟಿನ ಕೊರಳಿಗೆ ಇಪ್ಪತ್ತೆರಡು ವರ್ಷ ಮೂವತ್ತು ಮೊಳದ ಚೆಂಡುಹೂವಿನ ಹಾರ ಕಟ್ಟಿದವಳು ಮಾತ್ರ ‘ಮಾಹಿತಿದಾರೆ ಏಳು, ಅನಕ್ಷರಸ್ಥೆ, ಕುರುಡು ಅಭಿಮಾನ’. ಅಲ್ಲವ್ವಾ, ಅವಳು ಕೈಯಾರೆ ಬರೆದ ನೋಟುಬುಕ್ಕು ನಿನ್ನ ಚೀಲದಲ್ಲೇ ಇತ್ತಲ್ಲ! ಸಿನಿಮಾಕ್ಕೊಂದು ಪುಟ, ಪುಟಕ್ಕೊಂದು ಎಸಳು, ಜೊತೆಗೆ ಕೂತು ಕಟ್ಟಿದ ಹೆಂಗಸರ ಹೆಸರುಗಳು. ತೆರೆದು ನೋಡುವಷ್ಟೂ ಪುರುಸೊತ್ತಿರಲಿಲ್ಲವೇ ನಿನಗೆ? “ಒಯ್ಯವಾ, ಆದ್ರ ಎಂಟ ದಿನದಾಗ ತಂದ ಕೊಡು. ಅದರಾಗ ನನ್ನ ಗೆಳತ್ಯಾರು ಅದಾರ,” ಎಂದು ಕೊಟ್ಟಿದ್ದಳು. ನೀನು ಕೊಡಲಿಲ್ಲ. ಮೂರು ಸಲ ನಿನ್ನ ಕಾಲೇಜಿನ ಗೇಟಿಗೆ ಬಂದಳು. ಬರಿಗೈಯಲ್ಲಿ ಬರಲಿಲ್ಲ, ನಿನಗೆಂದು ಮಲ್ಲಿಗೆ ತಂದಳು. ಆ ಹೆಸರಿನವರು ಯಾರೂ ಇಲ್ಲವೆಂದು ಹೇಳಿಸಿದೆ. ಕಿಟಕಿಯಲ್ಲಿ ನಿನ್ನನ್ನು ಕಂಡೇ ವಾಪಸು ಹೋದಳು. ಸಾಯುವ ವಾರವೂ ಆ ನೋಟುಬುಕ್ಕನ್ನೇ ಕೇಳುತ್ತಿದ್ದಳೆಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಕೊನೆಗೆ ಅದು ನಿನ್ನ ರದ್ದಿಯಲ್ಲಿ ನಮಗೆ ಸಿಕ್ಕಿತು. ಎಸಳುಗಳೆಲ್ಲ ಪುಡಿಯಾಗಿದ್ದವು.

ಸಲಹೆಗಾಗಿ ಗುರುಗಳ ಹಿಂದೆ ಓಡಾಡುತ್ತಿದ್ದೀಯಲ್ಲ, ನನ್ನದೂ ಒಂದು ಕೇಳು. ಹಾಲು ಸುರಿಯುವವನನ್ನು ಬಿಡು. ಹಾರ ಕಟ್ಟುವವಳ ಪಕ್ಕ ಕೂತು ಒಂದು ಮೊಳ ಕಟ್ಟಿ ನೋಡು. ಅವಳ ಹೆಸರು ಕೇಳು, ಕೇಳಿದ ಮೇಲೆ ಬರೆ. ನಿನ್ನ ಪುಸ್ತಕದ ನಾಯಕನಟ ಯಾರೆಂದು ಇಲ್ಲಿ ಒಬ್ಬರಿಗೂ ನೆನಪಿಲ್ಲ.

ಹೆಸರುಗಾರ್ತಿ ಒತ್ತಿದ ಹೆಸರನ್ನು ಅಳಿಸಲೂಬಹುದು. ನಾಳೆ ನಿನ್ನದನ್ನು ಅಳಿಸುತ್ತೇನೆ. ಪುಸ್ತಕ ಉಳಿಯುತ್ತದೆ, ಬರೆದವಳು ‘ಸಂಶೋಧಕಿ ಏಳು, ಓದಲು ಬಾರದವಳು’. ನಿನ್ನ ಮೊಮ್ಮಕ್ಕಳ ಮಕ್ಕಳು ಕಟ್ಟೆಗೆ ಬಂದು ಕೇಳಲಿ, ಆ ಹೆಸರಿನವರು ಯಾರೂ ಇಲ್ಲ ಎನ್ನುತ್ತೇನೆ.

ಆದರೆ ಹಿಂದಿನ ದಿನಗಳಿಗೆ ಹೋಗುವ ನಮ್ಮ ಕಾಲಂಚೆ ಈ ಕಾಗದವನ್ನು ಆ ಎಂಟನೇ ದಿನವೇ ನಿನಗೆ ಮುಟ್ಟಿಸುತ್ತದೆ. ನೋಟುಬುಕ್ಕು ಇನ್ನೂ ನಿನ್ನ ಚೀಲದಲ್ಲಿದೆ. ಇವತ್ತು ಕೊಟ್ಟುಬಂದರೆ ನಿನ್ನ ಹೆಸರು ಮುಟ್ಟುವುದಿಲ್ಲ. ನಿಜ ಹೇಳಲೇ? ನೀನು ಕೊಡದಿರಲಿ ಎಂದೇ ನನ್ನ ಆಸೆ. ಅಜ್ಜಿಯ ಆಸೆ ಬೇರೆ. ಅವಳು ಈಗ ಚಿತ್ರಮಂದಿರದ ಎದುರು ಕೂತು ನಿನಗೆಂದು ಮಲ್ಲಿಗೆ ಕಟ್ಟುತ್ತಿದ್ದಾಳೆ.

ಶಾಲ್ಮಲಾ ಹೂಗಾರ